ಗೂಟದ ಗುಂಡಿ ತುಂಬುವ ಸಿದ್ದೀಕಾ

ಸಿಂದಗಿಯಿಂದ ಕಲಬುರಗಿಗೆ ಹೋಗುವ ಮೊದಲ ಬಸ್ಸು ಇನ್ನೂ ನಿಲ್ದಾಣ ಬಿಟ್ಟಿಲ್ಲ. ಊರಂಚಿನ ಹಾಕಿ ಮೈದಾನದಲ್ಲಿ ಸಿದ್ದೀಕಾ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿದೆ, ತಲೆಯ ಮೇಲೆ ಸೆರಗಿದೆ. ಕಾಲಿಗೆ ಹರಳು ಚುಚ್ಚಿದರೆ ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಪಾದ ಎಲ್ಲಾದರೂ ಒಂದಿಷ್ಟು ಒಳಗೆ ಇಳಿಯಿತೋ, ಅಲ್ಲೇ ಕೂತು ಗರಸು ಮಣ್ಣು ಸುರಿದು, ನೀರು ಚಿಮುಕಿಸಿ, ಕಬ್ಬಿಣದ ದಿಮ್ಮಸಿನಿಂದ ಬಡಿಯುತ್ತಾರೆ.

“ಕಣ್ಣಿಗಿ ಎಲ್ಲಾ ಸಪಾಟ ಕಾಣತೈತ್ರಿ. ಕಾಲ ಇಟ್ಟ್ರನ ಖರೇ ಗೊತ್ತಾಗತೈತಿ” ಎನ್ನುತ್ತಾರೆ, ಕೆಲಸ ನಿಲ್ಲಿಸದೆ.

ಇದು ಡೋಣಿ ಸೀಮೆ ಹಾಕಿ ಸಂಘದ ಮೈದಾನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ ಬಂದ ಹುಡುಗಿಯರೇ ಕೂಡಿ ಕಟ್ಟಿದ ತಂಡ ಇಲ್ಲಿ ಆಡುತ್ತದೆ. ಪಂದ್ಯವಿದ್ದ ದಿನ ನಾಲ್ಕೂ ತಾಲ್ಲೂಕಿನ ಅಭಿಮಾನಿಗಳು ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಾರೆ. ಗೋಲು ಹೊಡೆದವಳ ಹೆಸರು ಎಲ್ಲರಿಗೂ ಗೊತ್ತು. ನೆಲ ಹಸನು ಮಾಡಿದವರ ಹೆಸರು ಈಚಿನವರೆಗೆ ಯಾರಿಗೂ ಬೇಕಿರಲಿಲ್ಲ. ಬೇಕಾದದ್ದು ಬೈಯಲಿಕ್ಕೆ ಮಾತ್ರ.

ಸಿದ್ದೀಕಾರ ತವರು ಕೊಲ್ಹಾರ. ಸಿಂದಗಿಗೆ ಸೊಸೆಯಾಗಿ ಬಂದಾಗ ಮೈದಾನ ನೋಡಿಕೊಳ್ಳುತ್ತಿದ್ದವರು ಅವರ ಗಂಡ ಶಮಶುದ್ದೀನ. ಸೊಂಟದ ನೋವಿನಿಂದ ಅವರಿಗೆ ರೋಲರ್ ಎಳೆಯುವುದು ಆಗದಾದಾಗ, “ನಾಕ್ ದಿನಾ ನಾ ನೋಡ್ಕೋತೇನಿ” ಎಂದು ಸಿದ್ದೀಕಾ ಬಂದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಈಗ ಶಮಶುದ್ದೀನ ಮನೆಯಲ್ಲಿ ಕೂತು ರೊಟ್ಟಿ ಬಡಿಯುವುದನ್ನು ಕಲಿತಿದ್ದಾರೆ. “ಗೋಲ್ ಆಗೂದಿಲ್ರಿ, ಭಾರತದ ನಕಾಶಿ ಆಗತೈತಿ” ಎಂದು ಹೆಂಡತಿ ನಗುತ್ತಾರೆ.

ಎರಡು ವರ್ಷದ ಹಿಂದೆ ಸಂಘಕ್ಕೆ ಹೊರಗಿನಿಂದ ಒಬ್ಬ ಜನರಲ್ ಮ್ಯಾನೇಜರ್ ಬಂದರು. ಹೊಸ ಸಮವಸ್ತ್ರ, ಹೊಸ ಗೋಲು ಕಂಬ, ಆಟದ ದಿನ ಧ್ವನಿವರ್ಧಕ. ಅಭಿಮಾನಿಗಳು ಖುಷಿಪಟ್ಟರು. ಆಮೇಲೆ ಅವರು ಮೈದಾನವನ್ನು ಮದುವೆಗಳಿಗೆ ಬಾಡಿಗೆ ಕೊಟ್ಟರು, ಶಾಮಿಯಾನಗಳು ಏಳತೊಡಗಿದವು. ಶಾಮಿಯಾನಕ್ಕೆ ಮೊಳದುದ್ದದ ಕಬ್ಬಿಣದ ಗೂಟ ಬೇಕು. ಮದುವೆ ಮುಗಿದ ಮೇಲೆ ಗೂಟ ಕಿತ್ತುಕೊಂಡು ಹೋಗುತ್ತಾರೆ, ಗುಂಡಿ ಉಳಿಯುತ್ತದೆ. ಒಂದರ ಗುಂಡಿ ತುಂಬಿ ನೆಲ ಗಟ್ಟಿಯಾಗುವಷ್ಟರಲ್ಲಿ ಇನ್ನೊಂದು ಶಾಮಿಯಾನ.

“ಸಾಹೇಬ್ರ, ಮಣ್ಣ ಕೂಡಾಕ ಟೈಮ್ ಕೊಡ್ರಿ ಅಂತ ಹೇಳಿದ್ನಿರಿ. ನಿನ್ನ ಕೆಲಸ ನೀ ಮಾಡು ಅಂದ್ರು” ಎನ್ನುತ್ತಾರೆ ಸಿದ್ದೀಕಾ.

ಕಳೆದ ದೀಪಾವಳಿಯ ನಂತರದ ಒಂದು ಸಂಜೆ ಅಭ್ಯಾಸದ ವೇಳೆ ಗೊಳಸಂಗಿಯ ಭಾಗ್ಯಾ ಚೆಂಡಿನ ಬೆನ್ನು ಹತ್ತಿ ಓಡುತ್ತಿದ್ದಳು. ತಂಡದ ಮುಂಚೂಣಿ ಆಟಗಾರ್ತಿ, ಅಭಿಮಾನಿಗಳ ಕಣ್ಮಣಿ. ಹಸಿ ಮಣ್ಣಿನ ಗುಂಡಿಯಲ್ಲಿ ಅವಳ ಕಾಲು ಹೂತಿತು, ಕಣಕಾಲಿನ ಎಲುಬು ಮುರಿಯಿತು. ಅವಳನ್ನು ವಿಜಯಪುರದ ಆಸ್ಪತ್ರೆಗೆ ಒಯ್ದರು. ಮರುದಿನ ಮ್ಯಾನೇಜರ್ ಅಭಿಮಾನಿಗಳನ್ನು ಕರೆದು ಹೇಳಿದ್ದು ಇಷ್ಟೇ: ಮೈದಾನದ ಹೆಂಗಸು ಗುಂಡಿ ಸರಿಯಾಗಿ ಮುಚ್ಚಿರಲಿಲ್ಲ.

ಬಸ್ ನಿಲ್ದಾಣದ ಬಳಿ ಪಂಕ್ಚರ್ ಅಂಗಡಿ ಇಟ್ಟಿರುವ ಚಾಂದಸಾಬ ಈ ತಂಡದ ಅತಿ ದೊಡ್ಡ ಅಭಿಮಾನಿ, ಅತಿ ದೊಡ್ಡ ಗಂಟಲು ಕೂಡ. ಅಂದು ಮೈದಾನದ ಬಾಗಿಲಲ್ಲೇ ಅವರು ಸಿದ್ದೀಕಾರನ್ನು ತಡೆದರು. “ಕೂಸಿನ ಕಾಲ ಮುರದಿ ನೋಡು! ಪಗಾರ ಯಾಕ ತಗೋತಿ?” ಸುತ್ತ ನಿಂತವರೂ ದನಿಗೂಡಿಸಿದರು. ಸಿದ್ದೀಕಾ ತಲೆ ತಗ್ಗಿಸಿ, ಬುಟ್ಟಿ ಎತ್ತಿಕೊಂಡು ಒಳಗೆ ನಡೆದರು.

“ಏನ್ ಹೇಳ್ಲಿರಿ? ಗುಂಡಿ ಇದ್ದದ್ದು ಖರೇ. ಹುಡುಗಿ ಬಿದ್ದದ್ದೂ ಖರೇ. ನಾ ಹೇಳಿದ್ನಿ ಅಂದ್ರ ಯಾರ್ ನಂಬ್ತಿದ್ರು?” ಎನ್ನುತ್ತಾರೆ ಈಗ.

ಅಂದಿನಿಂದ ಅವರು ಮುಂಬಾಗಿಲು ಬಿಟ್ಟು ಹಿಂದಿನ ಬೇಲಿಯ ಸಂದಿಯಿಂದ ಬರತೊಡಗಿದರು. ಸಂತೆಗೆ ಹೋಗುವುದನ್ನೂ ಬಿಟ್ಟರು. ಮನೆಯಲ್ಲಿ ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದರು. “ಈಕಿ ನಿದ್ದಿಗಣ್ಣಾಗ ಕಾಲ ಆಡಸ್ತಿದ್ದಳ್ರಿ, ಮಣ್ಣ ತುಳದಂಗ” ಎಂದು ಶಮಶುದ್ದೀನ ನೆನೆಯುತ್ತಾರೆ.

ಸಂಗತಿ ತಿರುಗಿದ್ದು ಗೊಳಸಂಗಿಯಲ್ಲಿ. ಮನೆಗೆ ಮರಳಿದ ಭಾಗ್ಯಾಳನ್ನು ನೋಡಲು ಚಾಂದಸಾಬ ಹೊರಟರು. ಜೊತೆಗೆ ಇಂಡಿಯ ಲಿಂಬೆ ವ್ಯಾಪಾರಿ ಸಿದ್ಧರಾಮ, ಕೈಯಲ್ಲಿ ಒಂದು ಚೀಲ ಹಣ್ಣು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯಲ್ಲಿ ಕೂತಿದ್ದ ಹುಡುಗಿಗೆ ಚಾಂದಸಾಬ ಧೈರ್ಯ ಹೇಳಿದರು.

“ನೀ ಆರಾಮಾಗವಾ. ಆ ಗ್ರೌಂಡ್ ನೋಡಾಕಿನ್ನ ನಾವು ತಗಸೇ ಬಿಡ್ತೇವಿ.”

“ಯಾರ್ನ ಕಾಕಾ? ಸಿದ್ದೀಕಾ ಚಾಚೀನ?” ಭಾಗ್ಯಾ ಬೆಚ್ಚಿ ಕೇಳಿದಳು. “ಆಕಿ ಏನ್ ಮಾಡ್ಯಾಳ್ರಿ? ಆ ಕಡಿ ಮಣ್ಣ ಇನ್ನಾ ಹಸಿ ಐತಿ, ಇವತ್ತ ಆಡಬ್ಯಾಡ್ರಿ ಅಂತ ಅಡ್ಡ ನಿಂತಿದ್ಳು. ಮ್ಯಾನೇಜರ್ ಸಾಹೇಬ್ರಿಗಿ ಕೈ ಮುಗದ್ಳು. ಅವ್ರೇ ಆಕಿನ್ನ ಸರಸಿ, ಆಡ್ರಿ ನೀವು ಅಂದ್ರು. ನಾವೆಲ್ಲಾ ಅಲ್ಲೇ ಇದ್ದಿವಲ್ರಿ.”

ಚಾಂದಸಾಬ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಸಿದ್ಧರಾಮ ಮೆಲ್ಲಗೆ ಕೇಳಿದರು: “ಇದನ್ನ ಅಧ್ಯಕ್ಷರ ಮುಂದ ಹೇಳ್ತಿಯೇನವಾ?”

“ಯಾರ ಮುಂದ ಬೇಕಾದ್ರೂ ಹೇಳ್ತೇನಿ.”

ಆ ವಾರವೇ ಸಂಘದ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು ಭಾಗ್ಯಾಳ ಮನೆಗೆ ಬಂದರು. ಮ್ಯಾನೇಜರ್‌ಗೆ ಹೆದರಿ ಅಲ್ಲಿಯವರೆಗೆ ಬಾಯಿ ಬಿಡದಿದ್ದ ಉಳಿದ ಆಟಗಾರ್ತಿಯರೂ ಅದನ್ನೇ ಹೇಳಿದರು. ಶಾಮಿಯಾನಗಳಿಗೆ ಸಂಘದ ಸಮಿತಿ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲವೆಂಬುದೂ ಹೊರಬಿತ್ತು. ಮರುದಿನ ಮಧ್ಯಾಹ್ನ, ಯಾವ ಮುನ್ಸೂಚನೆಯೂ ಇಲ್ಲದೆ, ಅಭಿಮಾನಿಗಳ ಮೊಬೈಲುಗಳಿಗೆ ಒಂದೇ ಸಾಲಿನ ಸಂದೇಶ ಬಂತು: ಜನರಲ್ ಮ್ಯಾನೇಜರ್ ಅವರನ್ನು ಹುದ್ದೆಯಿಂದ ತೆಗೆಯಲಾಗಿದೆ.

ಚಾಂದಸಾಬ ಬಿಚ್ಚಿದ ಟ್ಯೂಬನ್ನು ಹಾಗೇ ಬಿಟ್ಟು ಎದ್ದು ನಿಂತರು. ಪಕ್ಕದ ಚಹಾ ಅಂಗಡಿಯಲ್ಲಿ ಅಪರಿಚಿತರು ಕೂಡ ಕೈ ಕುಲುಕಿದರು. ಇಂಡಿಯ ಮಾರುಕಟ್ಟೆಯಲ್ಲಿ ಸಿದ್ಧರಾಮ ಹಮಾಲರಿಗೆಲ್ಲ ಶರಬತ್ತು ಮಾಡಿಸಿದರು. “ಎದಿ ಮ್ಯಾಲಿನ ಕಲ್ಲ ಇಳದಂಗ ಆತ್ರಿ. ನಮ್ಮ ಟೀಮ್ ನಮಗ ವಾಪಸ್ ಬಂತು” ಎನ್ನುತ್ತಾರೆ ಅವರು. ಮುದ್ದೇಬಿಹಾಳದಲ್ಲಿ ಹೊಲಿಗೆ ಅಂಗಡಿ ನಡೆಸುವ ಅಖ್ತರಬೇಗಂ ಪ್ರತಿ ಪಂದ್ಯಕ್ಕೂ ಬರುವವರು. ಅವರಿಗೂ ನಿರಾಳ, ಆದರೆ ಒಂದು ಮಾತು ಸೇರಿಸುತ್ತಾರೆ: “ಹೊಸಾ ಡ್ರೆಸ್ ತಂದವ್ರೂ ಅವ್ರೇ ಅಲ್ರಿ, ಅದನ್ನ ಇಲ್ಲ ಅನ್ನಬಾರ್ದು. ಆದ್ರ ಬಡ ಹೆಂಗಸಿನ ಮ್ಯಾಲ ತಪ್ಪ ಹಾಕಬಾರ್ದಿತ್ತು.”

ಸಿದ್ದೀಕಾರ ಬಳಿ ಅಂಥ ಮೊಬೈಲು ಇಲ್ಲ. ಅವರಿಗೆ ಸುದ್ದಿ ಮುಟ್ಟಿಸಿದ್ದು ಸ್ವತಃ ಚಾಂದಸಾಬ. ಮನೆಯ ಬಾಗಿಲಲ್ಲಿ ನಿಂತರು, ಒಳಗೆ ಬರಲು ಸಂಕೋಚ.

“ಅಕ್ಕಾ, ಮ್ಯಾನೇಜರನ್ನ ತಗದ್ರು. ಭಾಗ್ಯಾ ಎಲ್ಲಾ ಹೇಳ್ಯಾಳ. ನಂದು ತಪ್ಪಾತು. ಮಂದಿ ಮುಂದ ಬೈದೇನಿ, ಮಂದಿ ಮುಂದನ ಕೈ ಮುಗಿತೇನಿ, ನಡಿ.”

“ಮಂದಿ ಬ್ಯಾಡ ಬಿಡಪಾ. ಒಳಗ ಬಾ” ಎಂದರಂತೆ ಸಿದ್ದೀಕಾ. ಆಮೇಲೆ ಗೋಡೆಗೆ ಒರಗಿ ಕೂತು ತುಂಬಾ ಹೊತ್ತು ಅತ್ತರು. “ದುಃಖದ್ದಲ್ರಿ ಅದು. ಹೊತ್ತ ಕೊಡಾ ಇಳಿಸಿದ ಮ್ಯಾಲ ಕುತಗಿ ಹಗೂರ ಆಗತೈತಲ್ಲ, ಹಂಗ. ಅವತ್ತ ಹೊಟ್ಟಿ ತುಂಬ ಉಂಡ್ನಿ. ನಮ್ಮವ್ರು ಮಾಡಿದ ನಕಾಶಿ ರೊಟ್ಟೀನ ಉಂಡ್ನಿ.”

ಎರಡು ದಿನ ಬಿಟ್ಟು ಹಳೆಯ ಮ್ಯಾನೇಜರ್ ತಮ್ಮ ಸಾಮಾನು ಒಯ್ಯಲು ಮೈದಾನಕ್ಕೆ ಬಂದರು. ಕೋಣೆಯ ಬೀಗ ತೆಗೆದುಕೊಟ್ಟವರು ಸಿದ್ದೀಕಾ. ಹೋಗುವಾಗ ಮ್ಯಾನೇಜರ್ ಏನಾದರೂ ಅಂದರೇ ಎಂದು ಕೇಳುತ್ತೇನೆ. “ಏನೂ ಅನ್ಲಿಲ್ರಿ. ನನ್ನ ಮಾರಿ ಸೈತ ನೋಡ್ಲಿಲ್ಲ. ಪೆಟಗಿ ಭಾರ ಇತ್ತು, ಒಂದ್ ಕಡಿ ನಾ ಹಿಡದ್ನಿ. ಹೋದ್ರು. ನನಗ ಸಿಟ್ಟೇನ್ ಉಳದಿಲ್ರಿ, ಹೋದ್ರಲ್ಲ, ಅಷ್ಟ ಸಾಕು.”

ಈಗ ಮೈದಾನದಲ್ಲಿ ಶಾಮಿಯಾನ ಹಾಕುವುದು ನಿಂತಿದೆ. ಮೊನ್ನೆಯ ಪಂದ್ಯದ ಹಿಂದಿನ ಭಾನುವಾರ ಅಭಿಮಾನಿಗಳು ಟ್ರ್ಯಾಕ್ಟರಿನಲ್ಲಿ ಗರಸು ತಂದು, ಸಿದ್ದೀಕಾ ತೋರಿಸಿದ ಕಡೆಯಲ್ಲೆಲ್ಲ ಸುರಿದರು. ಅತಿ ಹೆಚ್ಚು ಬುಟ್ಟಿ ಹೊತ್ತವರು ಚಾಂದಸಾಬ, ಅತಿ ಹೆಚ್ಚು ಬೈಸಿಕೊಂಡವರೂ ಅವರೇ. “ಏ ತಮ್ಮಾ, ಗುಂಡಿ ಇಲ್ಲೈತಿ, ಅಲ್ಲ್ಯಾಕ ಹಾಕ್ತಿ?” ಎಂದು ಸಿದ್ದೀಕಾ ಎಲ್ಲರ ಮುಂದೆ ಗದರಿದಾಗ ಇಡೀ ಗುಂಪು ನಕ್ಕಿತು.

ಭಾಗ್ಯಾಳ ಪ್ಲಾಸ್ಟರ್ ಬಿಚ್ಚಿದ್ದಾರೆ. ಜೋಳದ ರಾಶಿ ಮುಗಿಯುವ ಹೊತ್ತಿಗೆ ಓಡಬಹುದೆಂದು ಡಾಕ್ಟರು ಹೇಳಿದ್ದಾರಂತೆ. ಮೊನ್ನೆ ಕಲಬುರಗಿಯ ತಂಡದ ಎದುರು ಪಂದ್ಯವಿದ್ದಾಗ ಅವಳು ಸಿದ್ದೀಕಾರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಪಂದ್ಯ ಸಮಬಲದಲ್ಲಿ ಮುಗಿಯಿತು. ನಮ್ಮವರ ಗೋಲು ಯಾರು ಹೊಡೆದರು ಎಂದು ಸಿದ್ದೀಕಾರನ್ನು ಕೇಳಿದರೆ ಅವರಿಗೆ ಗೊತ್ತಿಲ್ಲ.

“ನಾ ಚೆಂಡ ನೋಡೂದಿಲ್ರಿ, ಹುಡುಗ್ಯಾರ ಕಾಲ ನೋಡ್ತೇನಿ. ಆಟ ಮುಗದು ಎರಡೂ ಕಡಿ ಹುಡುಗ್ಯಾರು ತಮ್ಮ ಕಾಲ ಮ್ಯಾಲ ತಾವು ನಡಕೋತ ಮನಿಗಿ ಹೋದ್ರಂದ್ರ, ಅವತ್ತ ನಾ ಗೆದ್ದಂಗ್ರಿ.”