ಹಿಟ್ಟನ್ನು ಮತ್ತೆ ಬೀಸಿಕೊಟ್ಟವಳು

ಅವಳ ಕಣ್ಣರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟು ಕೂತಿರುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಸುರುಳಿಯಲ್ಲಿ, ಮೂಗುಬೊಟ್ಟಿನ ಸುತ್ತ. ಬೆಳಿಗ್ಗೆ ರಾಗಿ ಬೀಸಿದ್ದರೆ ಮುಖ ಬೂದಿ ಬಣ್ಣ, ಮಧ್ಯಾಹ್ನ ಗೋಧಿ ಬಂದರೆ ಬಿಳಿ, ಸಂಜೆ ಮೆಣಸಿನಕಾಯಿ ಹಾಕಿದರೆ ಕಣ್ಣು ಕೆಂಪು. ಅವಳ ಕೂದಲು ನಿಜವಾಗಿ ಯಾವಾಗ ನರೆಯಿತೋ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹೆಬ್ಬಗೋಡಿಯಲ್ಲಿ ನಮ್ಮ ಮನೆಯ ಕೆಳಗಿನ ಮಳಿಗೆಯನ್ನು ಅವಳಿಗೆ ಬಾಡಿಗೆಗೆ ಕೊಟ್ಟಿದ್ದೆವು. ಹಿಟ್ಟಿನ ಮಿಲ್ಲು ಇಟ್ಟಿದ್ದಳು. ರಾಯಚೂರಿನ ಕಡೆಯವಳು. ಗಂಡ ಸತ್ತಿದ್ದ, ಮಗ ಊರಲ್ಲಿದ್ದ. ಇಲ್ಲಿಗೆ ಬರುವ ಮುಂಚೆ ದುಬೈ ಕಡೆ ಎಲ್ಲೋ ಮನೆಕೆಲಸ ಮಾಡಿ ಬಂದವಳು ಎನ್ನುವುದಷ್ಟೇ ನಮಗೆ ಗೊತ್ತು. ಮಿಲ್ಲಿನ ಸದ್ದಿನಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದನ್ನೇ ಮರೆತಿದ್ದಳು. ದೇವಸ್ಥಾನದಲ್ಲಿ ಅವಳು ಬೇಡಿಕೊಂಡದ್ದು ಹೊರಗೆ ಚಪ್ಪಲಿ ಕಾಯುವವನಿಗೂ ಕೇಳಿಸುತ್ತಿತ್ತು. ನನ್ನ ಬಾಯಿಯೂ ಜೋರು. ಅದಕ್ಕೇ ಇಬ್ಬರಿಗೂ ಹೊಂದಿಕೆಯಾಯಿತು.

ನನ್ನ ಮೊಮ್ಮಗಳು ಡಿಗ್ರಿ ಮುಗಿಸಿದ ವರ್ಷ, ಒಂದು ದಿನ ಊಟಕ್ಕೆ ಕೂತಾಗ ಮಾತು ತೆಗೆದಳು.

"ಅಜ್ಜಿ, ಆಸ್ಟ್ರೇಲಿಯಾಕ್ಕೆ ಹೋಗ್ತೀನಿ. ಬೇಸಿಗೆ ಪೂರ್ತಿ ತೋಟದಲ್ಲಿ ಹಣ್ಣು ಕೀಳೋದು, ಬಂದ ದುಡ್ಡಲ್ಲಿ ಊರು ಸುತ್ತೋದು, ವಾಪಸ್ ಬಂದ್ಬಿಡೋದು. ಓದಿದೋರಿಗೆ ಅಂತಾನೇ ವೀಸಾ ಕೊಡ್ತಾರೆ."

"ಹಣ್ಣು ಕೀಳಾಕೆ ಡಿಗ್ರಿ ಯಾಕೆ ಬೇಕಿತ್ತೇ? ನಿಮ್ ತಾತ ಜಮೀನು ಮಾರ್ದೆ ಇದ್ದಿದ್ರೆ ಇಲ್ಲೇ ಸೀಬೆ ಕೀಳ್ಬೋದಿತ್ತು" ಎಂದೆ.

ಬಾಯಲ್ಲಿ ಹಾಗೆ ಅಂದೆ. ಒಳಗೊಳಗೇ ಹೆದರಿದ್ದೆ. ನಮಗೆ ಚಳಿ ಬಂದಾಗ ಅಲ್ಲಿ ಬೇಸಿಗೆಯಂತೆ. ಕಾಲವೇ ತಲೆಕೆಳಗಾದ ದೇಶದಲ್ಲಿ ಮನುಷ್ಯರು ನೆಟ್ಟಗಿರುತ್ತಾರೆಯೇ? ಮಗ, ಸೊಸೆ ಇಬ್ಬರೂ ಭಾರವನ್ನು ನನ್ನ ತಲೆಗೆ ಹಾಕಿದರು. "ನೀನು ಹೂಂ ಅಂದ್ರೆ ಹೋಗ್ಲಿ" ಎಂದರು. ನಾನು ಅನ್ನಲಿಲ್ಲ. ಹುಡುಗಿ ನನ್ನ ಜೊತೆ ಮಾತು ಬಿಟ್ಟಳು.

ಮಿಲ್ಲಿಗೆ ಹೋಗಿ ಅವಳಿಗೆ ಹೇಳಿದೆ. ಸರದಿಯಲ್ಲಿ ಡಬ್ಬಗಳು ಕಾದಿದ್ದವು. ಆದರೂ ಅವಳು ಮಿಲ್ಲು ನಿಲ್ಲಿಸಿದಳು.

"ಪಾಸ್‌ಪೋರ್ಟ್ ಆಕಿ ಕೈಯಾಗ ಇರ್ತದೇನ್ರಿ?" ಎಂದು ಕೇಳಿದಳು.

"ಇನ್ಯಾರ ಕೈಲಿರ್ತದೆ?"

"ಹಂಗಾದ್ರ ಕಳಸ್ರಿ. ಮದ್ಲು ಹುಡುಗೀನ್ನ ಇಲ್ಲಿ ಕರೀರಿ."

ನನ್ನ ಮೊಮ್ಮಗಳದು ಗುಬ್ಬಿ ದನಿ. ಬಸ್ಸಿನಲ್ಲಿ ಸ್ಟಾಪು ಕೇಳಲೂ ಅಳುಕುವವಳು. ಅವಳನ್ನು ಮಿಲ್ಲಿನ ಆ ಕಡೆ ನಿಲ್ಲಿಸಿ, ತಾನು ಈ ಕಡೆ ನಿಂತು, ಸ್ವಿಚ್ ಹಾಕಿದಳು.

"ನಿನ್ ಪಾಸ್‌ಪೋರ್ಟ್ ಕೊಡು ಅಂತ ನಾ ಕೇಳ್ತೀನಿ. ನೀ ಕೊಡಂಗಿಲ್ಲ ಅನ್ನು."

ಹುಡುಗಿ ನಕ್ಕು ಏನೋ ಅಂದಳು.

"ಕೇಳ್ಸವಲ್ದು."

"ಕೊಡಲ್ಲ."

"ಜೋಳಾ ಬೀಸೋದ್ರಾಗ ನಿನ್ ದನಿ ಸತ್ತೇ ಹೋತು. ಹೊಟ್ಟೀಲಿಂದ ಬರ್ಲಿ."

ದಿನಾ ಸಂಜೆ ಇದೇ ಪಾಠ. ಹಿಟ್ಟು ಹಾಕಿಸಲು ಬಂದ ಫ್ಯಾಕ್ಟರಿ ಹುಡುಗರು ನಗುತ್ತಿದ್ದರು. "ಅಕ್ಕಾ, ನಾವೂ ಬೈಸ್ಕೊಳ್ಳಾಕ ಬರಬೇಕೇನು?" ಎಂದು ಒಬ್ಬ ಕೇಳಿದ. "ನಿನ್ನ ಬೈಯಾಕ ಬ್ಯಾರೆ ಗಿರಣಿ ಹಾಕಿಸ್ಬೇಕು, ಸರಿ ಆಕಡೆ" ಎಂದಳು. ಕಡೆಗೊಂದು ದಿನ ಹುಡುಗಿಯ ಕೂಗು ಮೇಲಿನ ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಅವತ್ತು ನಾನು ಹೂಂ ಅಂದೆ.

ಕಾರ್ತಿಕ ಮಾಸದಲ್ಲಿ ಹೋದಳು. ಪ್ರತಿ ಭಾನುವಾರ ಫೋನು ಬರುತ್ತಿತ್ತು. ಚೆರ್ರಿ ಹಣ್ಣು ಕೀಳುತ್ತಾಳಂತೆ, ಮುಖ ಸುಟ್ಟಿದೆಯಂತೆ, ಗೆಳತಿಯೊಬ್ಬಳು ಸಿಕ್ಕಿದ್ದಾಳಂತೆ. ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಫೋನು ಬರಲಿಲ್ಲ. ನಾವು ಮಾಡಿದರೆ ಸ್ವಿಚ್ ಆಫ್. ಮಾರನೆಯ ದಿನವೂ ಅಷ್ಟೆ, ಅದರ ಮಾರನೆಯ ದಿನವೂ ಅಷ್ಟೆ.

ಆ ದಿನಗಳನ್ನು ಹೇಗೆ ಬರೆಯಲಿ. ಕಣ್ಣು ಮುಚ್ಚಿದರೆ ಹುಡುಗಿ ಬಾವಿಯಲ್ಲಿ ಕಾಣುತ್ತಿದ್ದಳು. ಆ ದೇಶದಲ್ಲಿ ಬಾವಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕಂಡದ್ದು ನಮ್ಮ ಹಳೆಯ ಜಮೀನಿನ ಬಾವಿ. ಮಗ ಯಾರು ಯಾರಿಗೋ ಫೋನು ಮಾಡುತ್ತಿದ್ದ. ಸೊಸೆ ನನ್ನ ಮುಖ ನೋಡುತ್ತಿರಲಿಲ್ಲ. ಹೂಂ ಅಂದವಳು ನಾನಲ್ಲವೇ?

ಮನೆಯಲ್ಲಿ ಕೂರಲಾಗದೆ ಡಬ್ಬ ಎತ್ತಿಕೊಂಡು ಮಿಲ್ಲಿಗೆ ಹೋದೆ. ಅವಳು ಮುಚ್ಚಳ ತೆಗೆದು ನೋಡಿದಳು. ಅದರಲ್ಲಿದ್ದದ್ದು ರಾಗಿಯಲ್ಲ, ರಾಗಿಹಿಟ್ಟು. ಹಿಂದಿನ ವಾರ ಅವಳೇ ಬೀಸಿಕೊಟ್ಟದ್ದು. ಬೇರೆ ದಿನವಾಗಿದ್ದರೆ ನನ್ನ ಮಾನ ಕಳೆದುಬಿಡುತ್ತಿದ್ದಳು. ಅವತ್ತು ಹಾಗೇ ಮಿಲ್ಲಿನ ಬಾಯಿಗೆ ಸುರಿದು ಮತ್ತೆ ಬೀಸಿದಳು. ನಾನು ಮೂಟೆಯ ಮೇಲೆ ಕೂತಿದ್ದೆ. ಮಾರನೆಯ ದಿನವೂ ಅದೇ ಹಿಟ್ಟು ತಂದೆ. ಮತ್ತೆ ಬೀಸಿದಳು. ಹೊಗೆಯಷ್ಟು ನುಣ್ಣಗಾಯಿತು. ಅದರಲ್ಲಿ ಮುದ್ದೆ ಕಟ್ಟಿದರೆ ಅಂಟು ಅಂಟು, ಯಾರೂ ತಿನ್ನಲಿಲ್ಲ.

"ಏನಾಗಂಗಿಲ್ಲ ಬಿಡ್ರಿ ಅಮ್ಮಾರ, ಹಣ್ಣ್ ತಿಂದು ಮಲಗಿರ್ತಾಳ" ಎಂದು ನಗಿಸಲು ನೋಡುತ್ತಿದ್ದಳು. ಇವಳಿಗೇನು, ಕಲ್ಲು ಹೆಂಗಸು ಎಂದುಕೊಂಡೆ.

ನಾನು ಮಿಲ್ಲಿನಲ್ಲಿ ಕೂತಿದ್ದಾಗಲೇ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅದನ್ನು ಎತ್ತಲು ನನಗೆ ಧೈರ್ಯ ಬರಲಿಲ್ಲ. ಅವಳೇ ಹಿಟ್ಟಿನ ಬೆರಳಲ್ಲಿ ಎತ್ತಿ, ಇಬ್ಬರಿಗೂ ಕೇಳುವ ಹಾಗೆ ಹಿಡಿದಳು.

"ಅಜ್ಜಿ, ನಾನು ಕಣಜ್ಜಿ. ಫೋನು ಒಡೆದುಹೋಗಿತ್ತು. ಆ ತೋಟದ ಮೇಸ್ತ್ರಿ ಎಲ್ಲರ ಪಾಸ್‌ಪೋರ್ಟು ತಾನೇ ಇಟ್ಕೊಳ್ತೀನಿ ಅಂದ. ನಾವಿಬ್ರು ಕೊಡಲಿಲ್ಲ. ಹಂಗಾದ್ರೆ ಹೊರಡಿ ಅಂದ. ಹೊರಟ್ಬಿಟ್ವಿ. ರೋಡಿಗೆ ನಡೆದು, ಬಸ್ಸು ಹಿಡಿದು, ಬೇರೆ ಊರಿಗೆ ಬಂದಿದೀವಿ. ಚೆನ್ನಾಗಿದೀನಿ."

ನಾನು ಬೈದೆ. ಏನೇನು ಬೈದೆನೋ ನೆನಪಿಲ್ಲ. ಪಕ್ಕದಲ್ಲಿ ಅವಳು ಮಾತ್ರ "ಕೊಡ್ಲಿಲ್ಲೇನು? ಖರೇನ ಕೊಡ್ಲಿಲ್ಲೇನು?" ಎಂದು ಅದನ್ನೇ ಕೇಳುತ್ತಿದ್ದಳು. ಫೋನು ಇಟ್ಟ ಮೇಲೆ ಮಳಿಗೆಯ ಶಟರು ಅರ್ಧ ಎಳೆದಳು. ಹಿಟ್ಟಿನ ನೆಲದ ಮೇಲೆಯೇ ಕೂತುಬಿಟ್ಟಳು.

ಆಗ ಹೇಳಿದಳು, ಮೆಲ್ಲಗೆ. ಅವಳ ಮೆಲುದನಿ ನಾನು ಕೇಳಿದ್ದು ಅದೇ ಮೊದಲು. ದುಬೈಗೆ ಹೋದ ದಿನವೇ ಕೆಲಸದ ಮನೆಯವರು ಪಾಸ್‌ಪೋರ್ಟು ಇಸಿದುಕೊಂಡರಂತೆ. ಅವರು ಆಚೆ ಹೋಗುವಾಗ ಹೊರಗಿನಿಂದ ಬೀಗ. ಊರಲ್ಲಿ ತಾಯಿ ಇವಳ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಇವಳ ಸುದ್ದಿಗೆ ಕಾದು ಕಾದು ಸತ್ತಳಂತೆ. ಅದು ಇವಳಿಗೆ ತಿಳಿಯುವ ಹೊತ್ತಿಗೆ ತಿಥಿಯೂ ಆಗಿತ್ತು.

"ಅಷ್ಟು ಗೊತ್ತಿದ್ದೂ ನನ್ ಹುಡುಗೀನ ಕಳ್ಸು ಅಂದೆಯಲ್ಲೇ?" ಎಂದೆ.

"ನಿಮಗಿಂತ ನನಗ ಹೆಚ್ಚಿನ ಅಂಜಿಕಿ ಇತ್ರಿ. ನನ್ ಅಂಜಿಕಿಗೆ ಆಕೀನ್ನ ಮನ್ಯಾಗ ಕೂಡಿ ಹಾಕಿದ್ರ, ನಾನೂ ನನಗ ಬೀಗ ಹಾಕಿದ ಆ ಮನೀ ಒಡತೀನ ಆಗ್ತಿದ್ದೆ."

ಆಮೇಲೆ ಇನ್ನೊಂದು ಮಾತು ಹೇಳಿದಳು. "ನನ್ ಮಗಗ ಇದು ಗೊತ್ತಿಲ್ಲ. ಅಜ್ಜಿ ಸತ್ತಾಗ ಬರ್ಲಿಲ್ಲ ಅಂತ ನನ್ ಮ್ಯಾಲ ಸಿಟ್ಟದ. ಸಿಟ್ಟಿದ್ರ ಇರ್ಲಿ. ಹಡದವ್ವನ್ನ ಕೂಡಿ ಹಾಕಿದ್ರು ಅನ್ನೂದು ಅವನ ಹೊಟ್ಟ್ಯಾಗ ಕುಂದ್ರೂದು ಬ್ಯಾಡ. ನೀವೂ ಹೇಳಬ್ಯಾಡ್ರಿ."

ಅಲ್ಲಿನ ಬೇಸಿಗೆ ಮುಗಿಸಿ ಹುಡುಗಿ ಬಂದಳು, ಕಪ್ಪಗೆ, ಗಟ್ಟಿಯಾಗಿ. ಅವಳು ಹುಡುಗಿಯ ಎರಡೂ ಕೆನ್ನೆ ಹಿಡಿದು ನೋಡಿದಳು. ಹಿಟ್ಟಿನ ಗುರುತು ಉಳಿಯಿತು.

ಮುಂದಿನ ಮಳೆಗಾಲದಲ್ಲಿ ಮಿಲ್ಲಿನವಳಿಗೆ ಕೆಮ್ಮು ಹಿಡಿಯಿತು. ವರ್ಷಗಟ್ಟಲೆ ಉಸಿರಾಡಿದ ಹಿಟ್ಟು ಎದೆಯಲ್ಲೇ ಕೂತಿತ್ತು. ಆಸ್ಪತ್ರೆಯಿಂದ ಅವಳು ನಡೆದು ಹೊರಗೆ ಬರಲಿಲ್ಲ.

ಮಗ ರಾಯಚೂರಿನಿಂದ ಬಂದ. ಆಸ್ಪತ್ರೆಯಿಂದ ಆಂಬುಲೆನ್ಸಿನಲ್ಲಿ ಡ್ರೈವರ್ ಪಕ್ಕ ಕೂತು ಬಂದು, ಅವಳ ಬಟ್ಟೆಗಂಟು ತೆಗೆದುಕೊಳ್ಳಲು ನಮ್ಮ ಮನೆ ಮುಂದೆ ಇಳಿದ. ಹಿಂದೆ ತಾಯಿ ಒಬ್ಬಳೇ ಮಲಗಿದ್ದಳು.

"ನಮ್ಮಜ್ಜಿ ಮಣ್ಣಿಗೆ ಬರ್ಲಿಲ್ರಿ ಈಕಿ. ದುಬೈದಾಗ ಸುಖಾ ಕಂಡಿದ್ಳು. ಈಗ ನಾ ಬರಬೇಕಾತು" ಎಂದ.

ಹೇಳಬೇಡಿ ಎಂದಿದ್ದಳು, ನಿಜ. ನಾನು ಹೂಂ ಅಂದಿರಲಿಲ್ಲ. ಆದರೂ ಹೇಳಿದರೆ ಅವಳಿಗೆ ದ್ರೋಹ. ಹೇಳದಿದ್ದರೆ ಇವನು ಇದೇ ಸಿಟ್ಟಿನಲ್ಲಿ ಅವಳನ್ನು ಮಣ್ಣು ಮಾಡುತ್ತಾನೆ.

"ಬರಾಕೆ ಬಿಡ್ಲಿಲ್ಲ ಕಣಪ್ಪಾ" ಎಂದೆ. "ಪಾಸ್‌ಪೋರ್ಟು ಕಿತ್ಕೊಂಡು, ಆಚೆಯಿಂದ ಬೀಗ ಹಾಕಿದ್ರು."

"ಯಾರ್ ಹೇಳಿದ್ರು ನಿಮಗ?"

"ಅವಳೇ."

ಅವನು ಗಂಟನ್ನು ಕಂಕುಳಲ್ಲಿ ಹಿಡಿದು ಆಂಬುಲೆನ್ಸಿನ ಕಡೆ ತಿರುಗಿದ. ಡ್ರೈವರು ಹಾರನ್ ಹೊಡೆದ, ಮುಂದಿನ ಬಾಗಿಲು ತೆಗೆದ. ಅವನು ಅತ್ತ ಹೋಗಲಿಲ್ಲ. ಹಿಂದಿನಿಂದ ಹತ್ತಿ, ತಾಯಿಯ ಪಕ್ಕದಲ್ಲಿ ಕೂತ.