ಮೆಚ್ಚುಗೆಯ ಪಟ್ಟಿ

ಗಿರಿರಾಜ್ ಸಾರ್ ಅವರನ್ನು ನಾನು ಮೊದಲು ನೋಡಿದ್ದು ರಾಜಾಜಿನಗರದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಎರಡನೇ ಮಹಡಿಯಲ್ಲಿ, ಸೋಮವಾರ ಮಧ್ಯಾಹ್ನ ಮೂರೂವರೆಗೆ. ಕ್ಲರ್ಕ್ ಕೆಲಸಕ್ಕೆಂದು ಬಂದ ನಾನು ಬಿ.ಕಾಂ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಿಂತಿದ್ದೆ. ಅವರ ಮೇಜಿನ ಮೇಲೆ ಇನ್ನೂ ತೆರೆಯದ ಟಿಫನ್ ಬಾಕ್ಸ್ ಇತ್ತು. "ಊಟ ಆಯ್ತೇನಪ್ಪಾ?" ಎಂದರು. ನಾನು ಇಲ್ಲ ಎಂದೆ. "ಒಳ್ಳೇದು" ಎಂದು ನನ್ನ ನೇಮಕದ ಕಾಗದಕ್ಕೆ ಸಹಿ ಹಾಕಿದರು.

ಅವರು ದಾವಣಗೆರೆ ಕಡೆಯವರು. ಕಾಲರ್ ಹೊಲಿಯುವ ಟೈಲರ್ ಆಗಿ ಸೇರಿ, ಹದಿನೆಂಟು ವರ್ಷಗಳಲ್ಲಿ ನಲವತ್ತೆರಡು ಜನರ ಮೇಲೆ ಮ್ಯಾನೇಜರ್ ಆಗಿದ್ದರು. ಕಳೆದ ವರ್ಷ, ಮೇಲಿನವರು ಒಂದು ಒಳ್ಳೆ ಮಾತೂ ಆಡುವುದಿಲ್ಲವೆಂದು ಕೆಲಸ ಬಿಡುವವರು ಹೆಚ್ಚಿದಾಗ, ಮ್ಯಾನೇಜರುಗಳಿಗೆ ಕೋಚಿಂಗ್ ಕೊಡಲು ಕಂಪನಿ ಮಾಲವಿಕಾ ಮೇಡಂ ಅವರನ್ನು ಕರೆಸಿತು. ಮೂರು ತಿಂಗಳಲ್ಲಿ ಬದಲಾಗದಿದ್ದರೆ ಹುದ್ದೆ ಉಳಿಯುವುದಿಲ್ಲ ಎಂದೂ ತಿಳಿಸಿತು.

"ದಿನಕ್ಕೆ ಒಬ್ಬರನ್ನಾದ್ರೂ ಮನಸಾರೆ ಹೊಗಳಿ ಸಾರ್. ನಿಮಗೂ ಹಗುರ ಆಗುತ್ತೆ" ಎಂದರು ಮೇಡಂ.

ಸಾರ್ ನನ್ನನ್ನು ಕರೆದು, "ಅರುಣ, ಯಾರೂ ಬಿಟ್ಟುಹೋಗಬಾರ್ದು, ಒಂದು ಪಟ್ಟಿ ಮಾಡು" ಎಂದರು. ನಾನು ಸ್ಕೇಲಿನಿಂದ ಗೆರೆ ಎಳೆದು, ನಲವತ್ತೆರಡು ಹೆಸರುಗಳ ಮುಂದೆ ತಾರೀಖು ಬರೆದುಕೊಟ್ಟೆ. ಅವರು ಅದನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದರು.

ಎರಡೇ ವಾರದಲ್ಲಿ ಪಟ್ಟಿಯ ವಿಷಯ ಎಲ್ಲರಿಗೂ ಗೊತ್ತಾಯಿತು. "ಇವತ್ತು ನಿಂದು ಕಣೇ ವರಲಕ್ಷ್ಮಿ, ಅದಕ್ಕೇ ಹೂ ಮುಡ್ಕೊಂಡ್ ಬಂದಿದೀಯಾ?" ಎಂದು ಪಕ್ಕದ ಮಿಷನ್ನಿನ ಸುಮಾ ರೇಗಿಸುತ್ತಿದ್ದಳು. ಸಾರ್ ಬರುತ್ತಿದ್ದರು, ಹೊಗಳುತ್ತಿದ್ದರು, ಹೋಗುತ್ತಿದ್ದರು.

ಒಂದು ಗುರುವಾರದ ಸರದಿ ಮುನಿತಾಯಮ್ಮನವರದು. ಅವರು ಅಂದೇ ರಜೆಯಿಂದ ಮರಳಿದ್ದರು.

"ಮುನಿತಾಯಮ್ಮ, ಈ ವಾರ ನಿಮ್ಮ ಕೆಲಸ ತುಂಬಾ ಚೆನ್ನಾಗಿತ್ತು."

ಅಕ್ಕಪಕ್ಕದ ಮಿಷನ್‌ಗಳು ನಿಂತವು.

"ಈ ವಾರ ನಾನ್ ಬಂದೇ ಇಲ್ವಲ್ಲ ಸಾರ್" ಎಂದರು ಅವರು, ಸೂಜಿಗೆ ದಾರ ಪೋಣಿಸುತ್ತಲೇ. "ನಮ್ಮೆಜಮಾನ್ರು ಹೋಗಿ ಹದಿಮೂರು ದಿನ ಆಯ್ತು. ರಜಾ ಚೀಟಿಗೆ ನೀವೇ ಸೈನ್ ಹಾಕಿದ್ರಿ."

ಸಾರ್ ತಲೆಯಾಡಿಸಿ ಹಿಂದಿರುಗಿದರು. ಬೀರು ತೆರೆದು ಪಟ್ಟಿಯನ್ನು ಕಿತ್ತು, ಮಡಚಿ ನನಗೆ ಕೊಟ್ಟರು.

"ಸೈನ್ ಹಾಕಿದ್ದು ನೆನಪಿದೆ ಕಣಪ್ಪಾ. ಓದಿದ್ದೂ ನೆನಪಿದೆ. ಆವತ್ತೂ ಏನೂ ಅನ್ನಿಸಲಿಲ್ಲ, ಈಗ್ಲೂ ಏನೂ ಅನ್ನಿಸ್ತಿಲ್ಲ."

ನಾನು ಪಟ್ಟಿಯನ್ನು ಬಿಡಿಸಿ ನೋಡಿದೆ. ಅಷ್ಟು ಅಂದವಾಗಿ ಗೆರೆ ಎಳೆದವನು ನಾನೇ.

ಶನಿವಾರ ಮಾಲವಿಕಾ ಮೇಡಂ, "ಇನ್ನೂ ಆರು ವಾರ ಟೈಮಿದೆ ಸಾರ್" ಎಂದರು. "ಬೇಡ ಮೇಡಂ, ಇಷ್ಟು ಜನ ನನ್ನ ಕೈಕೆಳಗೆ ಇರೋದು ಸರಿಯಲ್ಲ" ಎಂದು ಸಾರ್ ರಾಜೀನಾಮೆ ಪತ್ರ ಬರೆದುಕೊಟ್ಟರು.

ಈಗ ಅವರು ಕೆಂಗೇರಿಯ ಒಂದು ಸಣ್ಣ ಘಟಕದಲ್ಲಿ ಕಾಲರ್ ಹೊಲಿಯುತ್ತಾರೆ. ಅವರ ಕೈಕೆಳಗೆ ಯಾರೂ ಇಲ್ಲ.