ಎಲಿಮಿನೇಟರಿಗೆ ಉಪ್ಪು ಹಾಕಿದ್ದು

ಎಂಬತ್ತರ ದಶಕದ ಮಾತು. ಕೊಯಮತ್ತೂರಿನಲ್ಲಿ ಐಟಿಐ ಓದಿ, ಒಂದು ಸರ್ಟಿಫಿಕೇಟೂ ಒಂದು ಹಳೇ ಎಲೆಕ್ಟ್ರಿಕ್ ಗಿಟಾರೂ ಹಿಡಿದುಕೊಂಡು ನಮ್ಮೂರು ತಿಗನಾರೆಗೆ ವಾಪಸು ಬಂದಿದ್ದೆ. ಕರೆಂಟೂ ಗಿಟಾರೂ ಎರಡೂ ಅರ್ಧಂಬರ್ಧ ಗೊತ್ತಿತ್ತು. ಜಂಬಕ್ಕೆ ಮಾತ್ರ ಏನೂ ಕೊರತೆಯಿರಲಿಲ್ಲ.

ಗಿಟಾರಿನ ಸದ್ದನ್ನು ಒರಟು ಮಾಡುವ ಒಂದು ಪೆಟ್ಟಿಗೆಯನ್ನು ಬಿಸ್ಕತ್ತಿನ ಡಬ್ಬಿಯೊಳಗೆ ನಾನೇ ಕಟ್ಟಿದ್ದೆ. ಕಾಲಲ್ಲಿ ಸ್ವಿಚ್ ಒತ್ತುವಂಥದ್ದು. ಮೈಕ್‌ಸೆಟ್ಟಿನವನಿಂದ ಎರವಲು ತಂದ ಆಂಪ್ಲಿಫೈಯರು ಲಾರಿ ಬ್ಯಾಟರಿಯಲ್ಲಿ ಓಡುತ್ತಿತ್ತು. ಪೆಟ್ಟಿಗೆಗೂ ಆರು ಟಾರ್ಚ್ ಸೆಲ್ ಹಾಕಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಕರೆಂಟು ಓದಿದವನು ಸೆಲ್ ಹಾಕುವುದೇ? ಮರ್ಯಾದೆ ಪ್ರಶ್ನೆ! ಕೆಟ್ಟ ರೇಡಿಯೋದಿಂದ ಟ್ರಾನ್ಸ್‌ಫಾರ್ಮರು, ಕಂಡೆನ್ಸರು ಕಿತ್ತು, ಮನೆ ಕರೆಂಟನ್ನು ಒಂಬತ್ತು ವೋಲ್ಟಿಗೆ ಇಳಿಸುವ ಎಲಿಮಿನೇಟರ್ ಕಟ್ಟಿದೆ. ಪ್ಲಗ್ ಹಾಕಿದ್ದೇ ತಡ, ಸ್ಪೀಕರಿನಲ್ಲಿ ಗುಂಯ್ ಅಂತ ಶುರು. ತಂತಿ ಮುಟ್ಟಿದರೂ ಗುಂಯ್, ಬಿಟ್ಟರೂ ಗುಂಯ್.

"ಏನ್ಲಾ ಅದು, ಜೇನುಗೂಡ್ಗೆ ಕಲ್ಲೊಡ್ದಂಗೆ!" ಅಂದಳು ಅವ್ವ.

ನಗುವ ಹೊತ್ತಲ್ಲ ಅದು. ಚಾಮರಾಜನಗರದ ಒಂದು ಆರ್ಕೆಸ್ಟ್ರಾದ ಗಿಟಾರಿನವನು ಬಿಟ್ಟು ಹೋಗಿದ್ದ. ಅದರ ಯಜಮಾನರು ಭಾನುವಾರ ನನ್ನ ಗಿಟಾರ್ ಕೇಳಲು ಬರುವವರಿದ್ದರು. ಒಪ್ಪಿದರೆ ವೇದಿಕೆ, ಇಲ್ಲವಾದರೆ ಅಪ್ಪನ ಹಿಂದೆ ರಾಗಿ ಹೊಲ.

ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಸರಿಯಿಲ್ಲ ಅಂತ ತೀರ್ಮಾನಿಸಿದೆ. ಐಟಿಐಯಲ್ಲಿ ನನ್ನ ತಲೆಗೆ ಹತ್ತಿದ್ದು ಅದೊಂದೇ ಪಾಠ: ನೆಲದಲ್ಲಿ ಪೈಪು ಹೂತು, ಅದಕ್ಕೆ ವಯರು ಕಟ್ಟಿ, ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯಬೇಕು. ಶನಿವಾರ ಹಿತ್ತಿಲಲ್ಲಿ ಗುಂಡಿ ತೋಡಿ, ಅವ್ವ ದನಕ್ಕೆಂದು ಇಟ್ಟಿದ್ದ ಅರ್ಧ ಮೂಟೆ ಕಲ್ಲುಪ್ಪು ಸುರಿದೆ. ಸದ್ದು ಕೂದಲೆಳೆಯಷ್ಟೂ ತಗ್ಗಲಿಲ್ಲ. ತಗ್ಗಿತು ಅಂತ ನನಗೆ ನಾನೇ ಹೇಳಿಕೊಂಡೆ.

ನಮ್ಮ ಕಡೆ ಕಾಡಿಗೆ ಮೇಯಲು ಹೋಗುವ ದನಕ್ಕೆ ವಾರಕ್ಕೊಮ್ಮೆ ಬಂಡೆ ಮೇಲೆ ಉಪ್ಪು ಸುರಿಯುತ್ತಾರೆ. ಉಪ್ಪಿನ ವಾಸನೆ ಸಿಕ್ಕಿದ ದನ ದೊಣ್ಣೆಗೂ ಬಗ್ಗುವುದಿಲ್ಲ. ಇದು ಊರಿನ ಕೂಸುಕುನ್ನಿಗೂ ಗೊತ್ತು. ಕೊಯಮತ್ತೂರಿಗೆ ಹೋಗುವ ತನಕ ನನಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ನೋಡಿದರೆ ಊರ ದನವೆಲ್ಲ ನಮ್ಮ ಹಿತ್ತಿಲಲ್ಲಿ! ಗುಂಡಿಯನ್ನು ಕೆದರಿ, ಬಗೆದು, ಪೈಪು ಬೀಳಿಸಿ, ವಯರು ಹರಿದು, ನೆಕ್ಕುತ್ತಾ ನಿಂತಿದ್ದವು.

"ದನಕ್ಕೆ ಕರೆಂಟ್ ಒಡುದ್ರೆ ಏನ್ಲಾ ಗತಿ? ತಲೆಗಿಲೆ ಕೆಟ್ಟದಾ ನಿಂಗೆ?" ಅಂತ ಅವ್ವ ಮೇನ್ ಸ್ವಿಚ್ ಆರಿಸಿ ಅದರ ಮುಂದೆಯೇ ನಿಂತಳು. "ಮುಟ್ನೋಡು ಈಗ!"

ಅಷ್ಟರಲ್ಲಿ ಯಜಮಾನರು ಬಸ್ಸಿಳಿದು ಬಂದರು. ಕತೆ ಕೇಳಿ ನಕ್ಕು, "ಸೆಲ್ ಆಕಪ್ಪ ಅತ್ಲಾಗೆ" ಅಂದರು. ಹೊಲದಲ್ಲಿ ಕಾಡುಹಂದಿ ಕಾವಲಿಗೆ ಅಪ್ಪ ಒಯ್ಯುವ ಟಾರ್ಚಿನಿಂದ ಮೂರು, ಪಕ್ಕದ ಮನೆಯ ಟಾರ್ಚಿನಿಂದ ಮೂರು ಸೆಲ್ ತೆಗೆದು ಜೋಡಿಸಿದೆ. ಸ್ವಿಚ್ ಒತ್ತಿದೆ. ಗುಂಯ್ ಇಲ್ಲವೇ ಇಲ್ಲ! ಕುಣಿದುಬಿಡೋಣ ಅನ್ನಿಸಿತು.

ನುಡಿಸಿದೆ. ನಾನು ನುಡಿಸುವುದು ಹೇಗೆ ಅಂತ ನನಗೇ ಕೇಳಿಸಿದ್ದು ಅವತ್ತೇ ಮೊದಲು. ತಪ್ಪಿದ ತಾಳ, ಅರ್ಧ ಒತ್ತಿದ ತಂತಿ, ಶ್ರುತಿಗೆ ಸೇರದ ಸ್ವರ. ಅಷ್ಟು ದಿನ ನನ್ನ ಮಾನ ಮುಚ್ಚಿದ್ದು ಆ ಹಾಳು ಸದ್ದೇ.

ಯಜಮಾನರು ಎಲಿಮಿನೇಟರನ್ನು ತಿರುಗಿಸಿ ನೋಡಿದರು. "ಈ ಕಂಡೆನ್ಸರ್ ಒಣಗೋಗದೆ ಕಣಪ್ಪ. ಒಸದು, ದೊಡ್ಡದು ಆಕಿದ್ರೆ ಸದ್ದು ನಿಂತೋಗದು." ಆಮೇಲೆ ನನ್ನ ಮುಖ ನೋಡದೆ, "ಬೆಸುಗೆ ಮಾತ್ರ ಚೆನ್ನಾಗಿ ಆಕಿದ್ದೀಯ. ನಮ್ ಸೆಟ್ಟೂ ಇಂಗೇ ಗುಂಯ್ ಅಂತದೆ, ಅದ್ನ ನೋಡ್ಕೊಳಕ್ಕೆ ಬಾ. ಗಿಟಾರ್‌ಗೆ ಬೇರೆಯವ್ರ ನೋಡ್ತೀನಿ" ಅಂದರು.

ಮರುವಾರವೇ ಹೋಗಿ ಸೇರಿಕೊಂಡೆ. ಹೊಸ ಗಿಟಾರಿನವನು ಚೆನ್ನಾಗಿ ನುಡಿಸುತ್ತಿದ್ದ, ಬಡ್ಡೀಮಗ. ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಅವನ ಪೆಟ್ಟಿಗೆಯ ಗುಂಯ್ ಸದ್ದನ್ನು ಪೂರ್ತಿ ತೆಗೆದು ಕೊಟ್ಟು, ವೇದಿಕೆಯ ಹಿಂದೆ ಕೂತು ಹೊಟ್ಟೆ ಉರಿದುಕೊಂಡು ಕೇಳುತ್ತಿದ್ದೆ.